ಓದುಗರ ಪ್ರಶ್ನೆ: ಯುದ್ಧಕಾಲದ ಪೋಸ್ಟರುಗಳು, ವ್ಯಂಗ್ಯಚಿತ್ರಗಳು

ಎರಡು ಮಹಾಯುದ್ಧಗಳ ಕಾಲದ ಪ್ರಚಾರದ ಪೋಸ್ಟರುಗಳು ಮತ್ತು ಪತ್ರಿಕೆಗಳ ರಾಜಕೀಯ ವ್ಯಂಗ್ಯಚಿತ್ರಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಹಳೆಯ ವಸ್ತುಗಳನ್ನು ಮಾರುವವರೊಬ್ಬರ ಬಳಿ ಮೊದಲ ಮಹಾಯುದ್ಧದ ಸೇನಾ ಭರ್ತಿಯ ಪೋಸ್ಟರ್ ಇದೆ. ಕಾಗದ ಹಳದಿಯಾಗಿದೆ, ಮಡಿಕೆಯ ಗುರುತುಗಳಿವೆ. ಅಸಲಿಯೋ ಮರುಮುದ್ರಣವೋ ಎಂದು ನಾವೇ ನೋಡಿ ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. ಆದರೆ ಹಳದಿ ಬಣ್ಣವನ್ನೂ ಮಡಿಕೆಯನ್ನೂ ನಂಬಬೇಡಿ. ಮರುಮುದ್ರಣ ಮಾಡುವವರು ಹಳೆಯ ಪೋಸ್ಟರಿನ ಫೋಟೊ ತೆಗೆಯುವಾಗ ಅದರ ಕಲೆ, ಮಡಿಕೆ, ಹರುಕು ಎಲ್ಲವೂ ಜೊತೆಗೇ ಬಂದುಬಿಡುತ್ತವೆ. ಮೊದಲು ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಕಾಗದದ ಅಂಚಿನಿಂದ ಅಡ್ಡಲಾಗಿ ಹಿಡಿಯಿರಿ. ನಿಜವಾದ ಮಡಿಕೆಯಾದರೆ ಅಲ್ಲೊಂದು ಏಣು ಎದ್ದು ನೆರಳು ಬೀಳುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ, ಶಾಯಿ ಉದುರಿ ಕಾಗದದ ನಾರು ಕಾಣುತ್ತದೆ. ಅಚ್ಚಾದ ಮಡಿಕೆ ಅಡ್ಡ ಬೆಳಕಿನಲ್ಲಿ ಮಾಯವಾಗುತ್ತದೆ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿ. ಮೊದಲ ಯುದ್ಧದ ಪೋಸ್ಟರುಗಳಲ್ಲಿ ಹೆಚ್ಚಿನವು ಕಲ್ಲಚ್ಚಿನವು. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ, ಅಥವಾ ಕಲ್ಲಿನ ಬದಲಿಗೆ ಬಂದ ಸತುವಿನ ತಗಡಿನ ಮೇಲೆ, ಬಿಡಿಸಿ, ಬಣ್ಣಕ್ಕೊಂದರಂತೆ ಅಚ್ಚು ಮಾಡುತ್ತಿದ್ದರು. ಹಾಗಾಗಿ ಬಣ್ಣ ಒಂದೋ ಸಮತಟ್ಟಾಗಿ ತುಂಬಿರುತ್ತದೆ, ಇಲ್ಲವೇ ಸ್ಲೇಟಿನ ಮೇಲೆ ಬಳಪ ಎಳೆದಂತೆ ಅಡ್ಡಾದಿಡ್ಡಿ ಕಣಗಳಾಗಿರುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಸರಿದು ರಿಜಿಸ್ಟರ್ ತಪ್ಪಿರುವುದೂ ಸಾಮಾನ್ಯ. ಇದರ ಬದಲು ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಕ್ರಮವಾಗಿ ಹೂವಿನ ಆಕಾರದಲ್ಲಿ ಕೂಡಿದ್ದರೆ ಅದು ಆಧುನಿಕ ಆಫ್‌ಸೆಟ್. ಸಿಂಪಡಿಸಿದಂತೆ ಚೆಲ್ಲಾಪಿಲ್ಲಿಯಾದ ಸೂಕ್ಷ್ಮ ಚುಕ್ಕೆಗಳಿದ್ದರೆ ಇಂಕ್‌ಜೆಟ್.

ಇಲ್ಲಿ ಅನೇಕರು ಎಡವುತ್ತಾರೆ. ಎರಡನೇ ಯುದ್ಧದ ಹೊತ್ತಿಗೆ ಫೋಟೊ ಆಫ್‌ಸೆಟ್ ಬಳಕೆಗೆ ಬಂದಿತ್ತು. ಆ ಕಾಲದ ಅಸಲಿ ಪೋಸ್ಟರಿನಲ್ಲೂ ಚುಕ್ಕೆಗಳಿರಬಹುದು. ಆಗ ಚಿತ್ರ ಬಿಟ್ಟು ಅಕ್ಷರ ನೋಡಿ. ಅಸಲಿಯಲ್ಲಿ ಅಕ್ಷರಗಳನ್ನು ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ಅಚ್ಚು ಮಾಡಿರುತ್ತಾರೆ, ಅಂಚು ಚೂಪಾಗಿರುತ್ತದೆ. ಫೋಟೊದಿಂದ ಮಾಡಿದ ಮರುಮುದ್ರಣದಲ್ಲಿ ಅಕ್ಷರವೂ ಚುಕ್ಕೆಗಳಾಗಿ ಒಡೆದು ಅಂಚು ಮಸುಕಾಗಿರುತ್ತದೆ.

ಮೂರನೆಯದು ಅಳತೆ ಮತ್ತು ಅಡಿಯ ಸಣ್ಣ ಅಕ್ಷರದ ಸಾಲು. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿದ್ದ ಅಳತೆ ಡಬಲ್ ಕ್ರೌನ್, ಅಂದರೆ 20 ಇಂಚು ಅಗಲ, 30 ಇಂಚು ಎತ್ತರ. ಅಲ್ಲಿನ ಪಾರ್ಲಿಮೆಂಟರಿ ರಿಕ್ರೂಟಿಂಗ್ ಕಮಿಟಿ ಹೊರಡಿಸಿದವುಗಳ ಕೆಳಗೆ ಕಮಿಟಿಯ ಹೆಸರು, ಪೋಸ್ಟರ್ ಸಂಖ್ಯೆ, ಮುದ್ರಕರ ಹೆಸರು ಇರುವುದು ರೂಢಿ. ಕೆಲವಲ್ಲಿ ಎಷ್ಟು ಪ್ರತಿ, ಯಾವ ತಿಂಗಳು ಎನ್ನುವುದೂ ಇರುತ್ತದೆ. ಎರಡನೇ ಯುದ್ಧದ ಅಮೆರಿಕನ್ ಸರ್ಕಾರಿ ಪೋಸ್ಟರುಗಳ ತುದಿಯಲ್ಲಿ ಸರ್ಕಾರಿ ಮುದ್ರಣಾಲಯದ ಹೆಸರು, ಇಸವಿ ಮತ್ತು ಕೆಲಸದ ಸಂಖ್ಯೆ ಇರುತ್ತವೆ. ಈ ಸಾಲು ಇಲ್ಲವೆಂದ ಮಾತ್ರಕ್ಕೆ ನಕಲಿ ಅಲ್ಲ, ಚೌಕಟ್ಟಿಗೆ ಕೂರಿಸಲೆಂದು ಯಾರೋ ಅಂಚು ಕತ್ತರಿಸಿರಬಹುದು. ಆದರೆ ಅಳತೆಯೂ ಹೊಂದದೆ, ಅಂಚಿನ ಸಾಲೂ ಇಲ್ಲದಿದ್ದರೆ ದುಡ್ಡು ಕೊಡುವ ಮುಂಚೆ ಕೈ ಹಿಂದಕ್ಕೆಳೆಯಿರಿ.

ಕೊನೆಯದು 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚ್. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು 1950ರ ಆಸುಪಾಸಿನಿಂದ ಬಳಕೆಗೆ ಬಂದವು. ಅವು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. 1915ರ ಕಾಗದ ಮಂಕಾಗಿಯೇ ಇರಬೇಕು. ಹಿಂಬದಿಗೆ ಆಮೇಲೆ ಅಂಟಿಸಿದ ಕಾಗದ ಹೊಳೆದು ದಾರಿ ತಪ್ಪಿಸುವುದುಂಟು. ಆದ್ದರಿಂದ ಮುಂಭಾಗದಲ್ಲೇ, ಶಾಯಿಯಿಲ್ಲದ ನಾಲ್ಕೈದು ಕಡೆ ನೋಡಿ. ಹೊಳೆದರೆ ನಕಲಿ ಎಂಬ ಅನುಮಾನ ಬಲವಾಗುತ್ತದೆ. ಹೊಳೆಯದಿದ್ದರೆ ಅಸಲಿ ಎಂದೇನೂ ಅಲ್ಲ, ಆ ರಾಸಾಯನಿಕವಿಲ್ಲದ ಕಾಗದ ಇಂದೂ ಸಿಗುತ್ತದೆ.

ಬೆರಳು ತೋರಿಸುವ, ಅಂದಿನ ಬ್ರಿಟಿಷ್ ಯುದ್ಧ ಸಚಿವ ಲಾರ್ಡ್ ಕಿಚನರ್ ಚಿತ್ರದ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಅತಿ ಹೆಚ್ಚು ನಕಲಾಗಿರುವ ಚಿತ್ರಗಳಲ್ಲಿ ಅದೂ ಒಂದು. ಆಲ್ಫ್ರೆಡ್ ಲೀಟ್ ಬರೆದ ಆ ಚಿತ್ರ ಮೊದಲು ಬಂದದ್ದು ‘ಲಂಡನ್ ಒಪಿನಿಯನ್’ ಪತ್ರಿಕೆಯ 1914ರ ಸೆಪ್ಟೆಂಬರ್ 5ರ ಮುಖಪುಟದಲ್ಲಿ. ‘ನಿಮ್ಮ ದೇಶಕ್ಕೆ ನೀವು ಬೇಕು’ ಎನ್ನುವ ಸಾಲು ಆ ಮುಖಪುಟದ್ದು. ಮುಂದೆ ಬಂದ ಪೋಸ್ಟರಿನಲ್ಲಿ ಮೇಲೆ ‘ಬ್ರಿಟನ್ಸ್’ ಎಂಬ ಸಂಬೋಧನೆ, ಚಿತ್ರದ ಕೆಳಗೆ ‘ವಾಂಟ್ಸ್ ಯೂ’ ಎಂದಿದೆ, ಚಿತ್ರವೇ ಆ ವಾಕ್ಯದ ಕರ್ತೃಪದ. ಮುಖಪುಟದ ಸಾಲನ್ನು ಹೊತ್ತ ‘ಅಸಲಿ ಪೋಸ್ಟರ್’ ಎದುರಾದರೆ ಮೇಲಿನ ಪರೀಕ್ಷೆಗಳನ್ನು ಎರಡು ಸಲ ಮಾಡಿ.

‘ಕೀಪ್ ಕಾಮ್ ಆಂಡ್ ಕ್ಯಾರಿ ಆನ್’ (ಶಾಂತರಾಗಿರಿ, ಮುಂದುವರಿಯಿರಿ) ಪೋಸ್ಟರನ್ನು ನೋಡಿಯೇ ಲಂಡನ್ನಿನ ಜನ ಬಾಂಬ್ ದಾಳಿಯಲ್ಲಿ ಧೈರ್ಯ ತಂದುಕೊಂಡರು ಎನ್ನುತ್ತಾರೆ. ನಿಜವೇ?

ಇಲ್ಲ. ಅಂದಿನ ಜನರಲ್ಲಿ ಬಹುತೇಕರು ಅದನ್ನು ನೋಡಿಯೇ ಇರಲಿಲ್ಲ. ಬ್ರಿಟನ್ನಿನ ಮಾಹಿತಿ ಸಚಿವಾಲಯಕ್ಕಾಗಿ 1939ರಲ್ಲಿ ಮೂರು ಪೋಸ್ಟರುಗಳು ತಯಾರಾದವು. ಎರಡು ಗೋಡೆಗೆ ಬಂದವು. ಮೂರನೆಯದಾದ ಇದನ್ನು ಭಾರಿ ಬಾಂಬ್ ದಾಳಿ ಆದಾಗ ಹಚ್ಚಲೆಂದು ಸುಮಾರು 24.5 ಲಕ್ಷ ಪ್ರತಿ ಅಚ್ಚುಹಾಕಿ ಗೋದಾಮಿನಲ್ಲಿಟ್ಟರು. 1940ರಲ್ಲಿ ಕಾಗದದ ಅಭಾವ ಬಂದಾಗ ಹೆಚ್ಚಿನ ಪ್ರತಿಗಳು ತಿರುಳಾಗಲು ಹೋದವು. 2000ದಲ್ಲಿ ಇಂಗ್ಲೆಂಡಿನ ಆಲ್ನಿಕ್ ಊರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ, ಹರಾಜಿನಲ್ಲಿ ಕೊಂಡ ಪುಸ್ತಕಗಳ ಪೆಟ್ಟಿಗೆಯಲ್ಲಿ ಒಂದು ಪ್ರತಿ ಸಿಕ್ಕಿ, ಅಲ್ಲಿಂದ ಅದರ ಈಗಿನ ಖ್ಯಾತಿ ಶುರುವಾಯಿತು.

ಗೋಡೆಗೆ ಬಂದ ಎರಡರಲ್ಲಿ ಒಂದು ಇದಕ್ಕಿಂತ ಹೆಚ್ಚು ಕಲಿಸುತ್ತದೆ. ‘ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢಸಂಕಲ್ಪ ನಮಗೆ ಜಯ ತರುತ್ತದೆ’ ಎಂದು ಅದರಲ್ಲಿತ್ತು. ಕಷ್ಟ ನಿಮ್ಮದು, ಗೆಲುವು ನಮ್ಮದು ಎಂದು ಸರ್ಕಾರ ಹೇಳಿದಂತೆ ಕೇಳಿಸಿ ಟೀಕೆ ಬಂತು. ಎರಡು ಸರ್ವನಾಮಗಳು ಇಡೀ ಪ್ರಯತ್ನವನ್ನು ಕೆಡಿಸಿದವು. ಪೋಸ್ಟರ್ ಬರೆಯುವವರು ತಮ್ಮ ಸಾಲನ್ನು ಬೀದಿಯಲ್ಲಿ ನಿಂತವನ ಕಿವಿಯಿಂದ ಕೇಳಿಕೊಳ್ಳದಿದ್ದರೆ ಹೀಗಾಗುತ್ತದೆ. ಮರುವರ್ಷ ಫುಗಾಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಿರಿಲ್ ಕೆನೆತ್ ಬರ್ಡ್ ಎಂಟು ಚಿತ್ರಗಳ ಸರಣಿ ಮಾಡಿದರು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಜನ ಹರಟುತ್ತಾರೆ, ಪಕ್ಕದಲ್ಲೋ ಗೋಡೆಯ ಚಿತ್ತಾರದಲ್ಲೋ ಹಿಟ್ಲರ್ ಕಿವಿಗೊಟ್ಟಿರುತ್ತಾನೆ. ಎಚ್ಚರಿಕೆಯನ್ನು ನಗಿಸುತ್ತಾ ಹೇಳಿದ್ದರಿಂದ ಅದು ಜನರಿಗೆ ಹಿಡಿಸಿತು.

ಇದೇ ಗುಂಪಿಗೆ ಸೇರುವ ಇನ್ನೊಂದು ತಪ್ಪು ತಿಳಿವಳಿಕೆ, ತಲೆಗೆ ಕೆಂಪು ವಸ್ತ್ರ ಕಟ್ಟಿ ತೋಳು ಮಡಿಸಿದ ಮಹಿಳೆಯ ‘ವಿ ಕ್ಯಾನ್ ಡೂ ಇಟ್’ ಬಗ್ಗೆ. ಅದನ್ನು ಬರೆದವರು ಜೆ. ಹಾವರ್ಡ್ ಮಿಲ್ಲರ್. ಅದು ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳ ಒಳಗೆ ತನ್ನ ಕೆಲಸಗಾರರಿಗಾಗಿ ತೂಗುಹಾಕಿದ ಪೋಸ್ಟರ್. ಹಾಕಬೇಕಾದ ಅವಧಿ, ಫೆಬ್ರವರಿ 15ರಿಂದ 28, ಪೋಸ್ಟರಿನ ಕೆಳಗೇ ಅಚ್ಚಾಗಿದೆ. ಇಸವಿ 1943. ಮಹಿಳೆಯರನ್ನು ಕೆಲಸಕ್ಕೆ ಕರೆಯಲು ಸರ್ಕಾರ ದೇಶದ ತುಂಬ ಹಚ್ಚಿದ್ದಲ್ಲ. ಅದು ಸ್ತ್ರೀವಾದಿ ಲಾಂಛನವಾದದ್ದು 1980ರ ದಶಕದಿಂದೀಚೆಗೆ. ಆ ಹೊಸ ಅರ್ಥ ಸುಳ್ಳೆಂದು ನಾವು ಹೇಳುತ್ತಿಲ್ಲ, ಆದರೆ ಅದು 1943ರ ಅರ್ಥವಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಯುದ್ಧಕಾಲದ ವ್ಯಂಗ್ಯಚಿತ್ರ ತೋರಿಸಿದರೆ ‘ಹಿಟ್ಲರ್ ಕೆಟ್ಟವನು’ ಎಂದು ಹೇಳಿ ಸುಮ್ಮನಾಗುತ್ತಾರೆ. ಚಿತ್ರವನ್ನು ಓದುವುದನ್ನು ಹೇಗೆ ಕಲಿಸಲಿ?

ಕ್ರಮ ಬದಲಿಸಿ. ಹೆಚ್ಚಿನವರು ಅಡಿಬರಹದಿಂದ ಶುರುಮಾಡುತ್ತಾರೆ, ಅಲ್ಲಿಗೆ ಮಕ್ಕಳು ಚಿತ್ರ ನೋಡುವುದನ್ನು ನಿಲ್ಲಿಸುತ್ತಾರೆ. ಅಡಿಬರಹವನ್ನು ಕಾಗದದಿಂದ ಮುಚ್ಚಿ, ದಿನಾಂಕ ಮಾತ್ರ ಕೊಡಿ. ಒಂದು ನಿಮಿಷ ಯಾರೂ ಮಾತಾಡದೆ ನೋಡಲಿ. ಆಮೇಲೆ ಕಂಡದ್ದನ್ನಷ್ಟೇ ಹೇಳಿಸಿ, ಅರ್ಥ ಬೇಡ: ಎಷ್ಟು ಜನ, ಯಾರ ಕೈ ಎಲ್ಲಿದೆ, ಯಾರು ದೊಡ್ಡವರಾಗಿ ಕಾಣುತ್ತಾರೆ, ಹಿನ್ನೆಲೆ ಏನು, ಚಿತ್ರದೊಳಗೆ ಬರೆದ ಹೆಸರು ಯಾವುದು. ನಂತರ ಆ ದಿನಾಂಕಕ್ಕೆ ಹಿಂದಿನ ಒಂದು ತಿಂಗಳಲ್ಲಿ ಏನೇನಾಯಿತು ಎಂದು ಪಟ್ಟಿ ಮಾಡಿಸಿ. ಅಡಿಬರಹ ಕೊನೆಗೆ.

ಇದಕ್ಕೆ ಡೇವಿಡ್ ಲೋ ಬರೆದ ‘ರಾಂಡೆವೂ’ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಲಂಡನ್ನಿನ ‘ಈವ್ನಿಂಗ್ ಸ್ಟಾಂಡರ್ಡ್’ನಲ್ಲಿ 1939ರ ಸೆಪ್ಟೆಂಬರ್ 20ರಂದು ಬಂತು. ಇಬ್ಬರು ಟೋಪಿ ಎತ್ತಿ, ಸೊಂಟ ಬಗ್ಗಿಸಿ ಪರಸ್ಪರ ವಂದಿಸುತ್ತಿದ್ದಾರೆ. ನಡುವೆ ಒಂದು ಹೆಣ. ಆಕಾಶದಲ್ಲಿ ಕರಿಮೋಡ. ಆಗಸ್ಟ್ 23ಕ್ಕೆ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದ್ದವು. ಸೆಪ್ಟೆಂಬರ್ 1ಕ್ಕೆ ಜರ್ಮನಿ ಪಶ್ಚಿಮದಿಂದ ಪೋಲೆಂಡಿಗೆ ನುಗ್ಗಿತು, 17ಕ್ಕೆ ಸೋವಿಯತ್ ಸೇನೆ ಪೂರ್ವದಿಂದ ನುಗ್ಗಿತು. ಈ ಮೂರು ದಿನಾಂಕ ಬೋರ್ಡಿನ ಮೇಲೆ ಬಂದರೆ ಹೆಣ ಯಾರದೆಂದು ಮಕ್ಕಳೇ ಹೇಳುತ್ತಾರೆ. ಈಗ ಅಡಿಬರಹ ತೆರೆಯಿರಿ. ‘ಭೂಮಿಯ ಮೇಲಿನ ಕೊಳಕು ತಾವೇ ಅಲ್ಲವೇ?’ ಎಂದು ಹಿಟ್ಲರ್, ‘ಕಾರ್ಮಿಕರ ನೆತ್ತರು ಹರಿಸಿದ ಕೊಲೆಗಡುಕರು ತಾವು ತಾನೇ?’ ಎಂದು ಸ್ಟಾಲಿನ್. ಅದುವರೆಗೆ ಒಬ್ಬರನ್ನೊಬ್ಬರು ಬೈದುಕೊಂಡ ಮಾತುಗಳೇ ಈಗ ಸಭ್ಯರ ಪರಿಚಯದ ಮಾತಾಗಿವೆ. ಕೋಪವನ್ನು ಲೋ ವಿನಯದ ಭಂಗಿಯೊಳಗಿಟ್ಟರು, ಚಿತ್ರದ ಶಕ್ತಿಯೆಲ್ಲ ಆ ಬಾಗಿದ ಬೆನ್ನುಗಳಲ್ಲಿದೆ.

ಎರಡನೆಯ ಪಾಠಕ್ಕೆ ಫಿಲಿಪ್ ಝೆಕ್ ಅವರ ಚಿತ್ರ ತನ್ನಿ. 1942ರ ಮಾರ್ಚ್, ‘ಡೈಲಿ ಮಿರರ್’. ಹಡಗು ಮುಳುಗಿ, ಕತ್ತಲ ಕಡಲಿನಲ್ಲಿ ಮುರುಕು ಹಲಗೆಗೆ ಅಂಟಿಕೊಂಡ ಒಬ್ಬ ನಾವಿಕ. ಅಡಿಬರಹ: ‘ಪೆಟ್ರೋಲ್ ಬೆಲೆ ಒಂದು ಪೆನ್ನಿ ಏರಿದೆ – ಅಧಿಕೃತ’. ಈ ಸಾಲು ಸೂಚಿಸಿದವರು ಪತ್ರಿಕೆಯ ಅಂಕಣಕಾರ ವಿಲಿಯಂ ಕಾನರ್. ನೀವು ಸುರಿಯುವ ಪ್ರತಿ ಹನಿಗೂ ಯಾರೋ ಪ್ರಾಣ ಒತ್ತೆಯಿಟ್ಟಿದ್ದಾರೆ, ದಂಡ ಮಾಡಬೇಡಿ ಎಂಬುದು ಝೆಕ್ ಅವರ ಉದ್ದೇಶ. ಪ್ರಧಾನಿ ಚರ್ಚಿಲ್, ಗೃಹ ಸಚಿವ ಹರ್ಬರ್ಟ್ ಮಾರಿಸನ್ ಓದಿದ್ದು ಬೇರೆ: ನಾವಿಕರ ಸಾವಿನ ಮೇಲೆ ಎಣ್ಣೆ ಕಂಪನಿಗಳು ಲಾಭ ಮಾಡಿಕೊಳ್ಳುತ್ತಿವೆ, ಸರ್ಕಾರ ಒಪ್ಪಿಗೆ ಕೊಟ್ಟಿದೆ ಎಂದು. ಪತ್ರಿಕೆಯನ್ನೇ ಮುಚ್ಚಿಸುವ ಎಚ್ಚರಿಕೆ ಹೋಯಿತು, ಸಂಸತ್ತಿನಲ್ಲಿ ಚರ್ಚೆಯಾಯಿತು. ಮಕ್ಕಳಲ್ಲಿ ಅರ್ಧ ಜನ ಝೆಕ್ ಪರ, ಅರ್ಧ ಜನ ಸಚಿವರ ಪರ ವಾದಿಸಲಿ. ಆದರೆ ಇಬ್ಬರೂ ಚಿತ್ರದೊಳಗಿನ ಗುರುತನ್ನೇ ಬೊಟ್ಟುಮಾಡಿ ತೋರಿಸಬೇಕು. ‘ಅಧಿಕೃತ’ ಎಂಬ ಒಂದೇ ಪದದ ಮೇಲೆ ವಾದ ಬಂದು ನಿಲ್ಲುವುದನ್ನು ನೋಡುವಿರಿ.

ಪೋಸ್ಟರಿಗಾದರೆ ಈ ಕ್ರಮಕ್ಕೆ ಎರಡು ಪ್ರಶ್ನೆ ಸೇರಿಸಿ: ಇದಕ್ಕೆ ಹಣ ಕೊಟ್ಟವರು ಯಾರು? ನೋಡಿದವನು ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಇದು ಕೇಳುತ್ತಿದೆ? 1915ರ ಬ್ರಿಟಿಷ್ ಪೋಸ್ಟರೊಂದರಲ್ಲಿ ಮಗಳು ತಂದೆಯ ತೊಡೆಯ ಮೇಲೆ ಕೂತು, ‘ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?’ ಎಂದು ಕೇಳುತ್ತಾಳೆ. ಆಗ ಅಲ್ಲಿ ಸೇನೆಗೆ ಸೇರುವುದು ಕಡ್ಡಾಯವಾಗಿರಲಿಲ್ಲ, ಕಡ್ಡಾಯದ ಕಾನೂನು ಬಂದದ್ದು 1916ರಲ್ಲಿ. ಕಾನೂನಿನ ಒತ್ತಾಯ ಇಲ್ಲದಿದ್ದುದರಿಂದಲೇ ನಾಚಿಕೆಯ ಒತ್ತಾಯ ಬೇಕಾಯಿತು.

ಸರ್ಕಾರ ಹೇಳಿದ್ದನ್ನೇ ವ್ಯಂಗ್ಯಚಿತ್ರಕಾರರೂ ಬರೆಯುತ್ತಿದ್ದರೇ?

ದೇಶದಿಂದ ದೇಶಕ್ಕೆ, ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಅಮೆರಿಕ 1917ರಲ್ಲಿ ಯುದ್ಧಕ್ಕಿಳಿದಾಗ ಪ್ರಚಾರಕ್ಕೆಂದೇ ಜಾರ್ಜ್ ಕ್ರೀಲ್ ನೇತೃತ್ವದ ಸಮಿತಿ ಹುಟ್ಟಿತು. ಅದರ ಚಿತ್ರ ವಿಭಾಗವನ್ನು ಚಾರ್ಲ್ಸ್ ಡಾನಾ ಗಿಬ್ಸನ್ ನಡೆಸಿದರು. ಅಲ್ಲಿ ವಿಷಯ ಮೇಲಿನಿಂದ ಬರುತ್ತಿತ್ತು. ಇನ್ನೊಂದು ತುದಿಯಲ್ಲಿ ಲೋ. ಅವರ ಕರಾರಿನಲ್ಲಿ ತಮಗೆ ಬೇಕಾದ್ದನ್ನು ಬರೆಯುವ ಸ್ವಾತಂತ್ರ್ಯವಿತ್ತು, ಪತ್ರಿಕೆಯ ಮಾಲೀಕ ಲಾರ್ಡ್ ಬೀವರ್‌ಬ್ರೂಕ್ ಅವರ ರಾಜಕೀಯಕ್ಕೆ ವಿರುದ್ಧವಾಗಿಯೂ ಬರೆದರು. ಆದರೂ ಒತ್ತಡ ಬಂತು. ಲೋ ಚಿತ್ರಗಳಿಂದ ಹಿಟ್ಲರ್ ಕೆರಳುತ್ತಾನೆಂದು 1937ರ ಕೊನೆಗೆ ಜರ್ಮನಿಗೆ ಹೋಗಿ ಬಂದ ಬ್ರಿಟಿಷ್ ಸಚಿವ ಲಾರ್ಡ್ ಹ್ಯಾಲಿಫ್ಯಾಕ್ಸ್ ಸ್ವಲ್ಪ ತಗ್ಗಿಸುವಂತೆ ಕೇಳಿದರು. ಲೋ ಕೆಲಕಾಲ ಹಿಟ್ಲರ್ ಮತ್ತು ಮುಸ್ಸೊಲಿನಿ ಇಬ್ಬರನ್ನೂ ಬೆರೆಸಿದ ‘ಮಝ್ಲರ್’ ಎಂಬ ಪಾತ್ರ ಬರೆದರು. ಗುರುತು ಯಾರಿಗೂ ತಪ್ಪಲಿಲ್ಲ.

ಆ ಕಾಲದ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಗೆರೆಗಳು ಅಷ್ಟು ದಪ್ಪ, ಬೂದು ಛಾಯೆ ಅಷ್ಟು ಕಡಿಮೆ ಏಕೆ?

ಸತುವಿನ ಬ್ಲಾಕಿನಿಂದಾಗಿ. ಚಿತ್ರಕಾರರು ಅಚ್ಚಾಗುವ ಅಳತೆಗಿಂತ ಒಂದೂವರೆ, ಎರಡು ಪಟ್ಟು ದೊಡ್ಡದಾಗಿ ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದರು. ಅದನ್ನು ಕ್ಯಾಮೆರಾದಲ್ಲಿ ಕುಗ್ಗಿಸಿ, ಬೆಳಕಿಗೆ ಸ್ಪಂದಿಸುವ ಲೇಪವಿದ್ದ ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಅದ್ದಿದರೆ ಗೆರೆಯಿರುವ ಭಾಗ ಉಳಿದು ಮಿಕ್ಕಿದ್ದು ತಿನ್ನಿಹೋಗುತ್ತದೆ. ಉಳಿದದ್ದೆಲ್ಲ ಕಪ್ಪು, ಹೋದದ್ದೆಲ್ಲ ಬಿಳಿ. ನಡುವಿನ ಬೂದಿಗೆ ಜಾಗವಿಲ್ಲ. ಬೇಕಿದ್ದರೆ ಚುಕ್ಕೆಗಳ ಸಿದ್ಧ ಹಾಳೆಯಿಂದ ಛಾಯೆ ಹಾಕಿಸಬೇಕು, ಇಲ್ಲವೇ ಒರಟು ಕಾಗದದ ಮೇಲೆ ಕ್ರೇಯಾನ್ ಉಜ್ಜಿ ಕಣಗಳಾಗಿ ಒಡೆಯಬೇಕು.

0.3 ಮಿ.ಮೀ. ಗೆರೆ ಅರ್ಧಕ್ಕೆ ಕುಗ್ಗಿದರೆ 0.15 ಆಗುತ್ತದೆ. ಆಮ್ಲ ಪಕ್ಕದಿಂದಲೂ ತಿನ್ನುವುದರಿಂದ ಅಷ್ಟು ಸಣ್ಣ ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಗೆರೆಗಳ ನಡುವಿನ ಬಿಳಿ ಜಾಗದ್ದು. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಹರಡಿಸುತ್ತದೆ, ಒತ್ತಾದ ಅಡ್ಡಗೆರೆಗಳು ಕೂಡಿಕೊಂಡು ಮಸಿಯ ಮುದ್ದೆಯಾಗುತ್ತವೆ. ಹಾಗಾಗಿ ಲೋ ಅವರಂಥವರು ಕುಂಚದಲ್ಲಿ ದಪ್ಪ ಗೆರೆ ಎಳೆದು, ಸುತ್ತ ಧಾರಾಳ ಬಿಳಿ ಬಿಟ್ಟರು. ಮೂಲಚಿತ್ರಗಳಲ್ಲಿ ತಿಳಿ ನೀಲಿ ಪೆನ್ಸಿಲಿನ ಗುರುತು ಕಂಡರೆ ಅಳಿಸಲು ಹೋಗಬೇಡಿ. ಬ್ಲಾಕ್ ಮಾಡುವ ಕ್ಯಾಮೆರಾದ ಫಿಲ್ಮಿಗೆ ತಿಳಿ ನೀಲಿ ಕಾಣುತ್ತಿರಲಿಲ್ಲ, ಅಳತೆ ಮತ್ತು ಸೂಚನೆಗಳನ್ನು ಅದರಲ್ಲೇ ಬರೆಯುತ್ತಿದ್ದರು. ಅದು ಚಿತ್ರದ ಇತಿಹಾಸ.

ಇಲ್ಲೇ ಇನ್ನೊಬ್ಬರು ಸೋವಿಯತ್ ‘ಕಿಟಕಿ’ ಪೋಸ್ಟರುಗಳ ಬಗ್ಗೆ ಕೇಳಿದ್ದಾರೆ. ರಷ್ಯಾದ ಅಂತರ್ಯುದ್ಧದಲ್ಲಿ ಮುದ್ರಣಾಲಯ, ಕಾಗದ ಎರಡೂ ಕೈಕೊಟ್ಟಿದ್ದವು. 1919ರಲ್ಲಿ ಮಿಖಾಯಿಲ್ ಚೆರೆಮ್ನಿಖ್, ಕವಿ ಮಯಕೋವ್‌ಸ್ಕಿ ಮೊದಲಾದವರು ರೋಸ್ತಾ ಸುದ್ದಿಸಂಸ್ಥೆಗಾಗಿ ಚಿತ್ರ ಬರೆದು, ರಟ್ಟಿನ ಕೊರೆಯಚ್ಚಿನಿಂದ ಕೈಯಲ್ಲೇ ನಕಲು ಮಾಡಿ ಖಾಲಿ ಅಂಗಡಿಗಳ ಕಿಟಕಿಗಳಲ್ಲಿ ಹಾಕಿದರು. 1941ರ ಜೂನ್ 22ಕ್ಕೆ ಜರ್ಮನಿ ದಾಳಿ ಮಾಡಿದಾಗ ಸೋವಿಯತ್ ಸುದ್ದಿಸಂಸ್ಥೆ ಟಾಸ್ ಅದೇ ಪದ್ಧತಿಯನ್ನು ಕೆಲವೇ ದಿನಗಳಲ್ಲಿ ಮತ್ತೆ ಶುರುಮಾಡಿತು. ಬಣ್ಣಕ್ಕೊಂದು ಕೊರೆಯಚ್ಚು. ಕೆಲವು ಚಿತ್ರಗಳಿಗೆ ಅರವತ್ತಕ್ಕೂ ಹೆಚ್ಚು ಬೇಕಾದವು. ಮುದ್ರಿತ ಪೋಸ್ಟರಿಗಿಲ್ಲದ ಗಟ್ಟಿ ಬಣ್ಣ ಅವಕ್ಕೆ ಬಂದದ್ದು ಹೀಗೆ, ಒಂದೊಂದನ್ನೂ ಕೈಯಿಂದ ಹಚ್ಚಿದ್ದರಿಂದ.

ಶತ್ರುವನ್ನು ಪ್ರಾಣಿಯಂತೆ ತೋರಿಸುವ, ಜನಾಂಗವನ್ನೇ ಹಂಗಿಸುವ ಚಿತ್ರಗಳನ್ನು ಪ್ರದರ್ಶನದಲ್ಲಿ ಇಡಬೇಕೇ, ಬಿಡಬೇಕೇ?

ಇಡಬೇಕು, ಆದರೆ ಒಂಟಿಯಾಗಿ ಅಲ್ಲ, ದೊಡ್ಡದು ಮಾಡಿ ಬಾಗಿಲಲ್ಲೂ ಅಲ್ಲ. ಬಿಟ್ಟುಬಿಟ್ಟರೆ ಪ್ರಚಾರವೆಂದರೆ ಸೊಗಸಾದ ವಿನ್ಯಾಸ ಮಾತ್ರ ಎಂದು ನೋಡುಗರು ತಿಳಿದು ಹೋಗುತ್ತಾರೆ. ಚಿತ್ರದ ಪಕ್ಕದಲ್ಲೇ ಅದರ ದಿನಾಂಕ, ಮುಂದೆ ಏನಾಯಿತು ಎಂಬುದು ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಮಕ್ಕಳ ಪುಸ್ತಕಗಳಿಂದ ಎಲ್ಲರಿಗೂ ಪ್ರಿಯರಾದ ಡಾ. ಸ್ಯೂಸ್ ನ್ಯೂಯಾರ್ಕಿನ ‘ಪಿಎಂ’ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು. ಹಿಟ್ಲರನನ್ನೂ, ಅಮೆರಿಕದೊಳಗಿನ ಯೆಹೂದಿ ದ್ವೇಷ, ಕರಿಯರ ಮೇಲಿನ ತಾರತಮ್ಯಗಳನ್ನೂ ಖಂಡಿಸಿದ ಅದೇ ಕೈ, 1942ರ ಫೆಬ್ರವರಿ 13ರಂದು, ಪಶ್ಚಿಮ ಕರಾವಳಿಯ ಜಪಾನೀ ಮೂಲದವರು ಒಂದೇ ಮುಖ ಹೊತ್ತು ಸಾಲುಗಟ್ಟಿ ಸ್ಫೋಟಕದ ಪೊಟ್ಟಣ ಪಡೆಯುತ್ತಿರುವಂತೆ ಬರೆಯಿತು. ಆರು ದಿನಗಳ ಬಳಿಕ ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಮಂದಿ ಮನೆ ಮಠ ಬಿಟ್ಟು ಶಿಬಿರ ಸೇರಬೇಕಾಯಿತು, ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಆ ಒಂದು ಚಿತ್ರವೇ ಆದೇಶ ತಂದಿತೆಂದು ಫಲಕದಲ್ಲಿ ಬರೆಯಬೇಡಿ, ಅದು ಸರಿಯಲ್ಲ. ಆದೇಶ ಬರುವ ವಾರ ಸಜ್ಜನರ ಪತ್ರಿಕೆಯಲ್ಲೂ ಗಾಳಿ ಯಾವ ಕಡೆಗಿತ್ತು ಎಂಬುದನ್ನು ಅದು ತೋರಿಸುತ್ತದೆ.

ಅಜ್ಜನ ಕಾಲದ ಪತ್ರಿಕೆ ತುಣುಕುಗಳು, ಒಂದೆರಡು ಪೋಸ್ಟರುಗಳಿವೆ. ಅಂಚು ಪುಡಿಯಾಗುತ್ತಿದೆ. ಲ್ಯಾಮಿನೇಟ್ ಮಾಡಿಸಲೇ?

ದಯವಿಟ್ಟು ಬೇಡ. ಲ್ಯಾಮಿನೇಷನ್ನಿನ ಬಿಸಿ ಮತ್ತು ಅಂಟನ್ನು ಮತ್ತೆ ಬಿಡಿಸಲಾಗದು, ಒಳಗಿನ ಕಾಗದ ಹಾಳಾಗುವುದೂ ನಿಲ್ಲದು. ನ್ಯೂಸ್‌ಪ್ರಿಂಟ್ ಮರದ ಹಸಿ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿ ತಾಕಿ ಹಳದಿಯಾಗುತ್ತದೆ, ಆಮ್ಲ ಹೆಚ್ಚಿ ನಾರು ಕಡಿಯುತ್ತದೆ. ಪಕ್ಕದ ಕಾಗದಕ್ಕೂ ಕಲೆ ದಾಟುತ್ತದೆ, ಹಾಗಾಗಿ ತುಣುಕುಗಳನ್ನು ಪೋಸ್ಟರಿನ ಜೊತೆ ಇಡಬೇಡಿ.

ಮೊದಲು ಸ್ಕ್ಯಾನ್ ಮಾಡಿ: 600 ಡಿಪಿಐ, ಟಿಫ್ ಕಡತ, ಹಿಂದೆ ಕಪ್ಪು ಹಾಳೆ. ಬಿಳಿ ಹಾಳೆ ಇಟ್ಟರೆ ಹಿಂಪುಟದ ಅಕ್ಷರಗಳು ಚಿತ್ರದಲ್ಲಿ ಮೂಡುತ್ತವೆ. ತುಣುಕಿನ ಜೊತೆ ಪತ್ರಿಕೆಯ ಹೆಸರು, ದಿನಾಂಕ ಇರುವ ಪುಟದ ತಲೆಯನ್ನೂ ಸೇರಿಸಿ, ಅದಿಲ್ಲದ ವ್ಯಂಗ್ಯಚಿತ್ರ ಅರ್ಧ ಕುರುಡು. ಆಮೇಲೆ ಒಂದೊಂದನ್ನೂ ಆಮ್ಲರಹಿತ ಕಾಗದದ ಮಡಿಕೆಯಲ್ಲಿ, ಇಲ್ಲವೇ ಪಾಲಿಯೆಸ್ಟರ್ ಲಕೋಟೆಯಲ್ಲಿ ಇಡಿ. ಪಿವಿಸಿ ಕವರ್ ಬೇಡ, ಅದರಿಂದ ಹೊರಬರುವ ವಸ್ತುಗಳು ಶಾಯಿಯನ್ನು ಎಳೆದುಕೊಳ್ಳುತ್ತವೆ. ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ತೇವಾಂಶ ಶೇ. 35ರಿಂದ 50ರೊಳಗೆ ನಿಂತಿರಲಿ. ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ.

ಹಳೆಯ ಸೆಲ್ಲೋಟೇಪ್ ಕಂಡರೆ ಎಳೆಯಬೇಡಿ, ಕಾಗದದ ಮೇಲ್ಪದರ ಶಾಯಿಯ ಸಮೇತ ಎದ್ದುಬರುತ್ತದೆ. ಅದು ಕಾಗದ ಸಂರಕ್ಷಣೆ ಕಲಿತವರ ಕೆಲಸ. ಪೋಸ್ಟರಿನಲ್ಲಿ ಸಣ್ಣ ಹರುಕಿದ್ದರೆ ಹಿಂಬದಿಗೆ ತೆಳು ಜಪಾನೀ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಬಹುದು. ಪಟ್ಟಿಯನ್ನು ಕತ್ತರಿಸದೆ ಹರಿಯಿರಿ, ನಾರಿನ ಅಂಚು ಮೆಲ್ಲಗೆ ಕೂತು ಹೊಸ ಮಡಿಕೆ ಬೀಳುವುದಿಲ್ಲ. ಅದಕ್ಕೂ ಮುಂಚೆ ಪ್ರತಿ ಬಣ್ಣದ ಮೇಲೂ, ಮರೆಯಾದ ಮೂಲೆಯಲ್ಲಿ, ಒಂದು ಹನಿ ನೀರಿಟ್ಟು ಒತ್ತುಕಾಗದದಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಗೋಡೆಗೆ ಹಾಕುವ ಆಸೆಯಿದ್ದರೆ ಸ್ಕ್ಯಾನಿನ ಪ್ರತಿ ಹಾಕಿ. ಅಸಲಿಯನ್ನೇ ಹಾಕುವುದಾದರೆ ಬೆಳಕು 50 ಲಕ್ಸ್ ಮೀರದಿರಲಿ, ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡಿನ ಅಂತರವಿರಲಿ, ಕೆಲವು ತಿಂಗಳಾದ ಮೇಲೆ ಇಳಿಸಿ ಕತ್ತಲಲ್ಲಿಡಿ.

ಇವನ್ನು ನಮ್ಮ ಪುಸ್ತಕದಲ್ಲಿ ಮುದ್ರಿಸಲು ಯಾರ ಅನುಮತಿ ಬೇಕು?

ಅಮೆರಿಕದ ಸರ್ಕಾರಿ ನೌಕರರು ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಬ್ರಿಟನ್ನಿನಲ್ಲಿ ಪ್ರಕಟಿತ ಸರ್ಕಾರಿ ಕೃತಿಯ ಹಕ್ಕು 50 ವರ್ಷಕ್ಕೆ ಮುಗಿಯುತ್ತದೆ, ಎರಡೂ ಯುದ್ಧಗಳ ಸರ್ಕಾರಿ ಪೋಸ್ಟರುಗಳು ಅದನ್ನು ದಾಟಿವೆ. ವ್ಯಂಗ್ಯಚಿತ್ರಗಳ ಲೆಕ್ಕ ಬೇರೆ. ಅಲ್ಲಿ ಕಲಾವಿದರು ತೀರಿಕೊಂಡ ವರ್ಷದ ಕೊನೆಯಿಂದ 70 ವರ್ಷ. ಲೋ ತೀರಿಕೊಂಡದ್ದು 1963ರಲ್ಲಿ, ಝೆಕ್ 1983ರಲ್ಲಿ. ಲೋ ಚಿತ್ರಗಳಿಗೆ ಬ್ರಿಟನ್ನಿನಲ್ಲಿ 2033ರ ಕೊನೆಯವರೆಗೂ ಹಕ್ಕುದಾರರನ್ನು ಕೇಳಬೇಕು. ಭಾರತದಲ್ಲಿ ಆ ಅವಧಿ 60 ವರ್ಷ. ಪುಸ್ತಕ ಎಲ್ಲೆಲ್ಲಿ ಮಾರಾಟವಾಗುತ್ತದೋ ಅಲ್ಲಲ್ಲಿನ ಕಾನೂನು ನೋಡಿ. ಸಂಗ್ರಹಾಲಯದಿಂದ ಪಡೆದ ಚಿತ್ರಕಡತಕ್ಕೆ ಆ ಸಂಸ್ಥೆಯ ಷರತ್ತು, ಶುಲ್ಕ ಪ್ರತ್ಯೇಕವಾಗಿ ಇರಬಹುದು. ಅದನ್ನು ಬರವಣಿಗೆಯಲ್ಲೇ ಪಡೆದಿಟ್ಟುಕೊಳ್ಳಿ.